ಬಟ್ಟೆ ಒಗೆಯಲು ಕಣ್ಣೇಕೆ ಬೇಕು?

ಅಂಧರೊಬ್ಬರು ತಮ್ಮ ಮನೆಗೆ ಯಾವ ವಾಷಿಂಗ್ ಮಷೀನ್ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಪಟ್ಟಿ. ಈ ಕಂಪನಿಯ ಈ ಮಾದರಿ ಪರವಾಗಿಲ್ಲ, ಆ ಕಂಪನಿಯದು ಬೇಡ, ಇದಕ್ಕೆ ಉಬ್ಬುಚುಕ್ಕೆ ಅಂಟಿಸಿಕೊಳ್ಳಬಹುದು, ಅದಕ್ಕೆ ಫೋನಿನ ಆ್ಯಪ್ ಇದೆ. ಪಟ್ಟಿ ಮಾಡಿಕೊಡುವವರ ಸದುದ್ದೇಶವನ್ನು ಅನುಮಾನಿಸಬೇಕಾಗಿಲ್ಲ. ಆದರೆ ಇದು ಕೊಳ್ಳುವವರ ಆಯ್ಕೆಯ ಪ್ರಶ್ನೆಯೆಂದು ಒಪ್ಪಿಕೊಂಡ ಕ್ಷಣದಲ್ಲೇ, ಹೊಣೆಯು ಯಂತ್ರ ತಯಾರಿಸಿದವರ ಹೆಗಲಿನಿಂದ ಜಾರಿ ಅದನ್ನು ಬಳಸಲಾಗದವರ ಹೆಗಲನ್ನೇರುತ್ತದೆ. ನೂರು ಮಾದರಿಗಳ ನಡುವೆ ಒಂದೆರಡನ್ನು ಹುಡುಕಿ ತೆಗೆಯುವ ಶ್ರಮಕ್ಕೆ ಆಯ್ಕೆ ಎಂಬ ಹೆಸರು ಒಪ್ಪುವುದಿಲ್ಲ.

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯೇಗೊವರೆಗೆ ಗೃಹೋಪಯೋಗಿ ಯಂತ್ರಗಳನ್ನು ಮಾರುವ ಯಾವ ದೊಡ್ಡ ಅಂಗಡಿಯನ್ನೇ ಹೊಕ್ಕರೂ ಸಾಲುಸಾಲಾಗಿ ನಿಂತಿರುವ ಯಂತ್ರಗಳ ಮುಖ ಬಹುಮಟ್ಟಿಗೆ ಒಂದೇ: ನುಣುಪಾದ ಗಾಜು ಅಥವಾ ಪ್ಲಾಸ್ಟಿಕ್ ಫಲಕ, ಅದರ ಮೇಲೆ ಮುಟ್ಟಿದರೆ ತಿಳಿಯದ ಅಕ್ಷರಗಳು. ಪ್ರದರ್ಶನಕ್ಕಿಟ್ಟ ಬಹುಪಾಲು ಯಂತ್ರಗಳಿಗೆ ನೀರಿನ ಸಂಪರ್ಕವಿರುವುದಿಲ್ಲ, ಎಷ್ಟೋ ವೇಳೆ ವಿದ್ಯುತ್ತೂ ಇರುವುದಿಲ್ಲ. ಕಣ್ಣಿದ್ದವರು ಫಲಕವನ್ನು ಓದಿಯಾದರೂ ತೀರ್ಮಾನಕ್ಕೆ ಬರಬಲ್ಲರು. ಕೈ ಮತ್ತು ಕಿವಿಗಳಿಂದಲೇ ಯಂತ್ರವನ್ನು ಅರಿಯಬೇಕಾದವರ ಮುಂದೆ ನಿಂತಿರುವುದು ಒಂದು ತಗಡಿನ ಪೆಟ್ಟಿಗೆ ಮಾತ್ರ. ಪ್ರತಿಯೊಂದು ಯಂತ್ರಕ್ಕೂ ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿರುವ ಹಳದಿ ಚೀಟಿಯೊಂದು ಅಂಟಿರುತ್ತದೆ. ಅದು ವರ್ಷಕ್ಕೆ ಎಷ್ಟು ವಿದ್ಯುತ್ ತಗಲುತ್ತದೆ, ಎಷ್ಟು ಡಾಲರ್ ಖರ್ಚಾಗುತ್ತದೆ ಎಂದು ಹೇಳುತ್ತದೆ. ಈ ಯಂತ್ರವನ್ನು ಯಾರು ನಡೆಸಬಲ್ಲರು, ಯಾರು ನಡೆಸಲಾರರು ಎಂದು ಹೇಳುವ ಚೀಟಿಯಿಲ್ಲ.

ಪರಿಸ್ಥಿತಿ ಮೊದಲಿನಿಂದಲೂ ಹೀಗಿರಲಿಲ್ಲ ಎಂಬುದೇ ಇಲ್ಲಿನ ವಿಪರ್ಯಾಸ. ಹಳೆಯ ಯಂತ್ರಗಳಲ್ಲಿ ತಿರುಗಿಸುವ ಒಂದು ದಪ್ಪ ನಾಬ್ ಇರುತ್ತಿತ್ತು. ಅದರೊಳಗಿನ ಟೈಮರ್ ಹಲ್ಲಿನಿಂದ ಹಲ್ಲಿಗೆ ಜಿಗಿಯುವಾಗ ಕಟಕ್ ಎನ್ನುತ್ತಿತ್ತು. ಬೆರಳಿಗೆ ಸಿಗುವ ಮೂತಿಯೊಂದು ಗಡಿಯಾರದ ಮುಳ್ಳಿನಂತೆ ದಿಕ್ಕು ತೋರುತ್ತಿತ್ತು. ಹೊರಗೆಳೆದರೆ ಯಂತ್ರ ಶುರು, ಒಳಗೊತ್ತಿದರೆ ನಿಲುಗಡೆ. ಎಷ್ಟನೆಯ ಕಟಕ್‌ಗೆ ಒಗೆತ, ಎಷ್ಟನೆಯದಕ್ಕೆ ಜಾಲಿಸುವುದು, ಎಲ್ಲಿಂದ ಹಿಂಡುವುದು ಎಂದು ಒಮ್ಮೆ ಕಲಿತವರಿಗೆ ಜೀವಮಾನವಿಡೀ ಸಾಕಾಗುತ್ತಿತ್ತು. ಆ ನಾಬನ್ನು ಯಾರೂ ಅಂಧರಿಗಾಗಿ ರೂಪಿಸಿರಲಿಲ್ಲ. ಅದು ಅಗ್ಗದ, ಗಟ್ಟಿಮುಟ್ಟಾದ ಯಾಂತ್ರಿಕ ಪರಿಹಾರವಾಗಿತ್ತು, ಅಷ್ಟೆ. ಅಕಸ್ಮಾತ್ತಾಗಿ ದೊರೆತ ಸ್ವಾತಂತ್ರ್ಯವಾದ್ದರಿಂದಲೇ ಅದನ್ನು ಕಿತ್ತುಕೊಂಡಾಗ ಕಿತ್ತುಕೊಂಡವರಿಗೆ ತಿಳಿಯಲೇ ಇಲ್ಲ.

ಈಗಿನ ಅನೇಕ ಯಂತ್ರಗಳಲ್ಲೂ ನಾಬ್ ಇದೆ, ನೋಡಲು ಹಳೆಯದರ ತಮ್ಮನಂತೆಯೇ ಇದೆ. ಆದರೆ ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಎಷ್ಟು ಸುತ್ತು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ತಾನು ಎಲ್ಲಿದ್ದೇನೆಂಬುದನ್ನು ಅದು ಬೆರಳಿಗೆ ಹೇಳದೆ, ಪಕ್ಕದಲ್ಲಿ ಹೊತ್ತಿಕೊಳ್ಳುವ ಪುಟ್ಟ ದೀಪದ ಮೂಲಕ ಕಣ್ಣಿಗೆ ಹೇಳುತ್ತದೆ. ಕೆಲವು ಯಂತ್ರಗಳು ಹಿಂದಿನ ಸಲದ ಆಯ್ಕೆಯನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಆರಂಭಿಸುತ್ತವೆ. ಮನೆಯ ಬೇರೊಬ್ಬರು ನಿನ್ನೆ ಉಣ್ಣೆಯ ಬಟ್ಟೆಗೆಂದು ಇಟ್ಟದ್ದು ಇಂದು ಹಾಸಿಗೆಯ ಹೊದಿಕೆಗೂ ಅನ್ವಯವಾಗುತ್ತದೆ, ಎಣಿಸಿಟ್ಟುಕೊಂಡ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಟಚ್ ಫಲಕದ ಕಥೆ ಇನ್ನೂ ಕಷ್ಟ. ಅಂಧರು ಓದುವುದು ಬೆರಳಿನಿಂದ. ಆ ಫಲಕ ಆಜ್ಞೆಯನ್ನು ಸ್ವೀಕರಿಸುವುದೂ ಬೆರಳಿನಿಂದ. ಹುಡುಕುವ ಬೆರಳನ್ನೂ ಒತ್ತುವ ಬೆರಳನ್ನೂ ಅದು ಪ್ರತ್ಯೇಕಿಸಲಾರದು. ಕೇಳಿದವರಿಗೆ ಬ್ರೈಲ್ ಹಾಳೆಯನ್ನು ಕಳುಹಿಸಿಕೊಡುವ ಕಂಪನಿಗಳಿವೆ, ಅದು ಒಳ್ಳೆಯದೇ. ಆದರೆ ಟಚ್ ಫಲಕದ ಮೇಲೆ ಬ್ರೈಲ್ ಓದಹೊರಟವರು ಮೊದಲ ಪದ ಮುಗಿಸುವುದರೊಳಗೆ ಬಿಸಿನೀರಿಗೆ ಆಜ್ಞೆ ಹೋಗಿರುತ್ತದೆ. ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಅರವತ್ತರ ನಂತರ ದೃಷ್ಟಿ ಕಳೆದುಕೊಂಡ ಎಷ್ಟೋ ಜನರಿಗೆ ಬ್ರೈಲ್ ಬರುವುದೂ ಇಲ್ಲ. ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಆರು ತಿಂಗಳ ಮಟ್ಟಿಗೆ ಬಂದಿಳಿಯುವ ತಂದೆತಾಯಂದಿರಲ್ಲಿ ಇಂಥವರು ಎಲ್ಲಿ ಬೇಕಾದರೂ ಸಿಗುತ್ತಾರೆ.

ಇನ್ನು ಆ್ಯಪ್. ‘ಫೋನಿನಿಂದಲೇ ನಡೆಸಬಹುದಲ್ಲ’ ಎಂಬ ಮಾತು ಈಗ ಮಾರಾಟಗಾರರ ಬಾಯಿಪಾಠವಾಗಿದೆ. ಕೆಲವರಿಗೆ ಅದರಿಂದ ನಿಜವಾದ ಅನುಕೂಲವಾಗಿದೆ, ಅಲ್ಲಗಳೆಯಬೇಕಿಲ್ಲ. ಆದರೆ ಬಟ್ಟೆ ಒಗೆಯಲು ಒಂದು ದುಬಾರಿ ಫೋನು, ವೈಫೈ, ಕಂಪನಿಯಲ್ಲೊಂದು ಖಾತೆ, ಅದಕ್ಕೊಂದು ಪಾಸ್‌ವರ್ಡ್ ಬೇಕೆನ್ನುವುದು ಎಲ್ಲಿಯ ನ್ಯಾಯ? ಆ್ಯಪ್‌ನೊಳಗಿನ ಬಟನ್‌ಗಳಿಗೆ ಹೆಸರಿಡಲು ಮರೆತರೆ ಸ್ಕ್ರೀನ್ ರೀಡರ್ ‘ಬಟನ್, ಬಟನ್, ಬಟನ್’ ಎಂದು ಜಪಿಸುತ್ತದೆ. ಈ ತಿಂಗಳು ಸರಿಯಿದ್ದದ್ದು ಮುಂದಿನ ಅಪ್‌ಡೇಟ್‌ನಲ್ಲಿ ಕೆಡಬಹುದು. ಹಲವು ಯಂತ್ರಗಳಲ್ಲಿ ದೂರದಿಂದ ನಡೆಸುವ ಸೌಲಭ್ಯವನ್ನು ಪ್ರತಿ ಸಲವೂ ಆ ಗಾಜಿನ ಫಲಕದ ಮೇಲೆಯೇ ಒತ್ತಿ ಚಾಲೂ ಮಾಡಬೇಕು. ಬಾಗಿಲ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡಂತೆ.

ಸ್ಯಾನ್ ಡಿಯೇಗೊ ನಗರಕ್ಕೆ ಈ ಚರ್ಚೆಯಲ್ಲಿ ವಿಶೇಷ ಸ್ಥಾನವಿದೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸವನ್ನು ಕುರಿತು ಒಂದು ಪುಸ್ತಕ ಬರೆದರು. ಇಂದಿಗೂ ವಿನ್ಯಾಸದ ವಿದ್ಯಾರ್ಥಿಗಳಿಗೆ ಅದು ಮೊದಲ ಪಾಠ. ಅದರಲ್ಲಿ ಬರುವ ಉದಾಹರಣೆಗಳಲ್ಲೊಂದು, ಚಿಹ್ನೆಗಳಿಂದ ತುಂಬಿದ ಒಂದು ಇಟಾಲಿಯನ್ ವಾಷಿಂಗ್ ಮಷೀನ್. ಮನೆಯ ಯಜಮಾನ ಎಂಜಿನಿಯರಿಂಗ್ ಮನಶ್ಶಾಸ್ತ್ರಜ್ಞ, ಆತ ಅದರ ಹತ್ತಿರ ಸುಳಿಯುವುದಿಲ್ಲ. ಯಜಮಾನಿ ವೈದ್ಯೆ, ಆಕೆ ಒಂದೇ ಒಂದು ಸೆಟ್ಟಿಂಗನ್ನು ಬಾಯಿಪಾಠ ಮಾಡಿಕೊಂಡು ಉಳಿದದ್ದನ್ನು ಮರೆತಿದ್ದಾಳೆ. ಕಣ್ಣೂ ಪದವಿಯೂ ಇದ್ದವರ ಪಾಡು ಅದು. 2019ರಲ್ಲಿ, ತಮ್ಮ 83ನೆಯ ವಯಸ್ಸಿನಲ್ಲಿ, ಅದೇ ನಾರ್ಮನ್ ಇಂದಿನ ವಸ್ತುಗಳು ವೃದ್ಧರನ್ನು ಕೈಬಿಟ್ಟಿವೆಯೆಂದು ಕಟುವಾಗಿ ಬರೆಯಬೇಕಾಯಿತು. ಮೂವತ್ತು ವರ್ಷ ಅವರ ಪುಸ್ತಕವನ್ನು ಓದಿ ಪಾಸಾದವರೇ ಈ ಫಲಕಗಳನ್ನೂ ರೂಪಿಸಿದ್ದಾರೆ.

ಗಾಜು ಸ್ವಭಾವತಃ ಅಂಧರ ವೈರಿಯೇನಲ್ಲ. 2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ಆ್ಯಪಲ್ ಸಂಸ್ಥೆ ವಾಯ್ಸ್‌ಓವರ್ ಎಂಬ ಸೌಲಭ್ಯವನ್ನು ಒಳಗೂಡಿಸಿತು. ಒಮ್ಮೆ ಮುಟ್ಟಿದರೆ ಹೆಸರು ಹೇಳುವುದು, ಎರಡು ಸಲ ತಟ್ಟಿದರೆ ಕೆಲಸ ಮಾಡುವುದು. ಹುಡುಕುವ ಬೆರಳಿಗೂ ಒತ್ತುವ ಬೆರಳಿಗೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಕಲಿಸಿದ ಸರಳ ಉಪಾಯ ಅದು. ಕೆಂಟಕಿಯ ಲೂಯಿವಿಲ್‌ನಲ್ಲಿ ಜಿಇ ಅಪ್ಲೈಯನ್ಸಸ್‌ನ ಫಸ್ಟ್‌ಬಿಲ್ಡ್ ಎಂಬ ಕಾರ್ಯಾಗಾರವು ಅಲ್ಲಿನ ಅಂಧರ ಶಾಲೆಯ ವಿದ್ಯಾರ್ಥಿಗಳ ಜೊತೆ ಸೇರಿ, ಯಂತ್ರಕ್ಕೆ ಜೋಡಿಸಿದರೆ ಸೆಟ್ಟಿಂಗ್‌ಗಳನ್ನು ಗಟ್ಟಿಯಾಗಿ ಓದಿಹೇಳುವ ಪುಟ್ಟ ಪೆಟ್ಟಿಗೆಯೊಂದನ್ನು ತಯಾರಿಸಿತು. ಅಂದರೆ ಆಗುವುದಿಲ್ಲವೆಂಬ ವಾದ ಎಂದೋ ಬಿದ್ದುಹೋಗಿದೆ. ಹೊರಗಿನಿಂದ ಜೋಡಿಸುವ ಪೆಟ್ಟಿಗೆ ಮಾತಾಡಬಲ್ಲದಾದರೆ, ಮೊದಲೇ ಹತ್ತಾರು ಬಗೆಯ ರಾಗ ಹಾಡಿ ಕೆಲಸ ಮುಗಿಯಿತೆಂದು ಸಾರುವ ಯಂತ್ರ ಯಾಕೆ ಮೂಕವಾಗಿರಬೇಕು?

ಉತ್ತರ ಕಾನೂನಿನಲ್ಲಿದೆ, ಅಥವಾ ಕಾನೂನಿನ ಗೈರುಹಾಜರಿಯಲ್ಲಿದೆ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್ (ಎಡಿಎ) ಸಾರ್ವಜನಿಕ ಸ್ಥಳಗಳ ಪಟ್ಟಿಯಲ್ಲಿ ಲಾಂಡ್ರೋಮ್ಯಾಟ್ ಎಂಬ ಪದವನ್ನು ಬಿಡಿಯಾಗಿ ಹೆಸರಿಸಿದೆ. ಅದರ ಅಡಿಯಲ್ಲಿ 2010ರಲ್ಲಿ ಪ್ರಕಟವಾದ ವಿನ್ಯಾಸ ಮಾನದಂಡಗಳಲ್ಲಿ 611ನೆಯ ವಿಭಾಗ ವಾಷಿಂಗ್ ಮಷೀನ್ ಮತ್ತು ಡ್ರೈಯರ್‌ಗಳಿಗೇ ಮೀಸಲು. ಮುಂಬಾಗಿಲಿನ ಯಂತ್ರದ ಬಾಯಿಯ ಕೆಳಅಂಚು ನೆಲದಿಂದ 15ರಿಂದ 36 ಇಂಚುಗಳ ಒಳಗಿರಬೇಕು, ಎದುರಿಗೆ ಗಾಲಿಕುರ್ಚಿ ನಿಲ್ಲುವಷ್ಟು ಜಾಗವಿರಬೇಕು, ಬಟನ್‌ಗಳು ಒಂದೇ ಕೈಯಿಂದ, 5 ಪೌಂಡ್ ಮೀರದ ಬಲದಿಂದ ನಡೆಯುವಂತಿರಬೇಕು. ಇದೆಲ್ಲ ಹೋರಾಡಿ ಗಳಿಸಿದ ಹಕ್ಕು, ಅದರ ಬೆಲೆ ಸಣ್ಣದಲ್ಲ. ಆದರೆ ಆ ವಿಭಾಗವನ್ನು ಕೊನೆಯವರೆಗೆ ಓದಿದರೂ ಬಟನ್ ಮೇಲೆ ಏನಿದೆಯೆಂದು ಕಾಣದವರಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಬರುವುದೇ ಇಲ್ಲ. ಅದೇ ಪುಸ್ತಕದ 707ನೆಯ ವಿಭಾಗಕ್ಕೆ ಹೋದರೆ ಬೇರೆಯೇ ಲೋಕ. ಅಲ್ಲಿ ಎಟಿಎಂ ಮಾತಾಡಬೇಕು, ಅದರ ಕೀಲಿಗಳು ಬೆರಳಿಗೆ ತಿಳಿಯುವಂತಿರಬೇಕು, 5ರ ಅಂಕಿಯ ಕೀಲಿ ಮುಟ್ಟಿದರೆ ಉಳಿದವುಗಳಿಂದ ಬೇರೆಯಾಗಿ ತಿಳಿಯಬೇಕು, ಧ್ವನಿಯನ್ನು ಚಾಲೂ ಮಾಡುವ ಬಗೆ ಬ್ರೈಲ್‌ನಲ್ಲಿರಬೇಕು. ದುಡ್ಡು ಕೊಡುವ ಯಂತ್ರದ ಎದುರು ನಿಂತ ಅಂಧ ನಾಗರಿಕ ಕಾನೂನಿಗೆ ಕಂಡ. ಬಟ್ಟೆ ಒಗೆಯುವ ಯಂತ್ರದ ಎದುರು ನಿಂತಾಗ ಕಾಣಲಿಲ್ಲ.

ಇಲ್ಲೊಂದು ತೊಡಕನ್ನು ಮುಚ್ಚಿಡಬಾರದು. ಮಣಿಕಟ್ಟನ್ನು ತಿರುಚುವ, ಬಿಗಿಯಾಗಿ ಹಿಡಿಯುವ ಅಗತ್ಯವಿರಬಾರದೆಂದೂ ಎಡಿಎ ಮಾನದಂಡ ಹೇಳುತ್ತದೆ. ಅಂಧರಿಗೆ ಪ್ರಿಯವಾದ ಬಿಗಿ ನಾಬ್ ಕೀಲುನೋವಿನವರಿಗೆ ಶಿಕ್ಷೆಯಾಗಬಹುದು. ಹಾಗಾಗಿ ಹಳೆಯ ನಾಬಿನ ಕಾಲಕ್ಕೆ ಮರಳೋಣವೆನ್ನುವುದು ಪರಿಹಾರವಾಗದು. ಒಂದೇ ಕೆಲಸವನ್ನು ಕಣ್ಣಿನಿಂದಲೂ ಕಿವಿಯಿಂದಲೂ ಬೆರಳಿನಿಂದಲೂ ಮಾಡಲು ಬರಬೇಕು ಎಂಬುದಷ್ಟೇ ಬೇಡಿಕೆ.

ಮನೆಯ ಹೊಸ್ತಿಲು ದಾಟಿದೊಡನೆ ಈ ಅರೆಬರೆ ರಕ್ಷಣೆಯೂ ಮುಗಿಯುತ್ತದೆ. ಗ್ರಾಹಕ ವಸ್ತುವಿನ ವಿನ್ಯಾಸ ಹೀಗಿರಬೇಕೆಂದು ಎಡಿಎ ತಯಾರಕರಿಗೆ ಹೇಳುವುದಿಲ್ಲ. ಗಿಯೆರ್ಮೊ ರೋಬ್ಲೆಸ್ ಎಂಬ ಅಂಧರು ಡೊಮಿನೋಸ್ ಸಂಸ್ಥೆಯ ವೆಬ್‌ಸೈಟ್ ಮತ್ತು ಆ್ಯಪ್ ತಮಗೆ ಬಳಸಲಾಗುತ್ತಿಲ್ಲವೆಂದು ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಒಂಬತ್ತನೆಯ ಸರ್ಕಿಟ್ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು ಮೊಕದ್ದಮೆಗೆ ಮರುಜೀವ ಕೊಟ್ಟಿತು. ಆ ಆ್ಯಪ್‌ನ ಹಿಂದೆ ನೆಲದ ಮೇಲೆ ಕಟ್ಟಿದ ಒಂದು ಅಂಗಡಿಯಿತ್ತು ಎಂಬುದು ಆ ತೀರ್ಪಿನ ಆಧಾರ. ಪಿಜ್ಜಾ ತರಿಸುವ ಆ್ಯಪ್‌ಗೆ ಹೀಗೆ ಕಾನೂನಿನ ಬಲ ದೊರೆಯಿತು. ಪಿಜ್ಜಾದ ಎಣ್ಣೆ ಬಿದ್ದ ಅಂಗಿಯನ್ನು ಒಗೆಯುವ ಆ್ಯಪ್‌ಗೆ ಆ ಆಧಾರ ಸುಲಭವಾಗಿ ಸಿಗುವುದಿಲ್ಲ.

ಖಾಸಗಿ ಕಂಪನಿಗಳ ವಿನ್ಯಾಸದಲ್ಲಿ ಸರ್ಕಾರ ಕೈಹಾಕಬಾರದೆಂದು ವಾದಿಸುವವರು ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು ಓದಬೇಕು. ವಾಷಿಂಗ್ ಮಷೀನ್ ಎಷ್ಟು ನೀರು ಕುಡಿಯಬೇಕೆಂದು ತಾನೇ ನಿಗದಿಪಡಿಸುವ ಹಕ್ಕಿಗಾಗಿ ಈ ರಾಜ್ಯದ ಇಂಧನ ಆಯೋಗ ಕೇಂದ್ರ ಸರ್ಕಾರದ ಇಂಧನ ಇಲಾಖೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, 2009ರಲ್ಲಿ ಒಂಬತ್ತನೆಯ ಸರ್ಕಿಟ್‌ನಲ್ಲಿ ಗೆದ್ದಿತು. 2023ರಲ್ಲಿ ಒಪ್ಪಿಗೆ ಪಡೆದ ದುರಸ್ತಿಯ ಹಕ್ಕಿನ ಕಾನೂನಿನಂತೆ, 100 ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಗೃಹೋಪಯೋಗಿ ಯಂತ್ರಗಳ ಬಿಡಿಭಾಗಗಳನ್ನೂ ಕೈಪಿಡಿಗಳನ್ನೂ ತಯಾರಕರು 7 ವರ್ಷ ಒದಗಿಸಬೇಕು. ಅದೇ ವರ್ಷ ಲಾಸ್ ಏಂಜಲೀಸ್ ಕೌಂಟಿಯ ಇಂಗಲ್‌ವುಡ್ ಭಾಗದ ಶಾಸಕಿ ಟೀನಾ ಮೆಕಿನರ್ ಮಂಡಿಸಿದ ವಿಧೇಯಕವೊಂದು, 2029ರಿಂದ ಮಾರುವ ಹೊಸ ವಾಷಿಂಗ್ ಮಷೀನ್‌ಗಳಲ್ಲೆಲ್ಲ ಬಟ್ಟೆಯ ಸೂಕ್ಷ್ಮ ನಾರು ಸಮುದ್ರ ಸೇರದಂತೆ ತಡೆಯುವ ಫಿಲ್ಟರ್ ಇರಬೇಕೆಂದಿತು. ಶಾಸನಸಭೆಯ ಎರಡೂ ಮನೆಗಳು ಅದನ್ನು ಅಂಗೀಕರಿಸಿದವು. ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ವೀಟೋ ಮಾಡಿದರು. ವೀಟೋ ಆದರೂ ವಿಷಯ ಸ್ಪಷ್ಟ. ಈ ಯಂತ್ರದ ನೀರಿನ ಬಗ್ಗೆ, ವಿದ್ಯುತ್ತಿನ ಬಗ್ಗೆ, ಬಿಡಿಭಾಗಗಳ ಬಗ್ಗೆ, ಕಡೆಗೆ ಅದು ಹೊರಬಿಡುವ ನಾರಿನ ಬಗ್ಗೆಯೂ ಶಾಸನ ಬರೆಯಬಹುದೆಂದು ಸ್ಯಾಕ್ರಮೆಂಟೊ ಭಾವಿಸಿದೆ. ಮೀನಿನ ಹೊಟ್ಟೆಗೆ ಹೋಗುವ ನಾರಿಗೆ ದೊರೆತಷ್ಟು ಶಾಸಕಾಂಗದ ಗಮನ ಯಂತ್ರದ ಎದುರು ನಿಂತ ಮನುಷ್ಯನಿಗೆ ದೊರೆತಿಲ್ಲ. ಮೀನಿನ ಕಾಳಜಿ ಕಡಿಮೆಯಾಗಲಿ ಎಂದು ಇದರರ್ಥವಲ್ಲ.

ಬೆಲೆ ಏರುತ್ತದೆಂಬ ಕೊರಗಿಗೂ ಹಳೆಯ ಉತ್ತರವೊಂದಿದೆ. 1990ರಲ್ಲಿ ಅಮೆರಿಕದ ಕಾಂಗ್ರೆಸ್, 13 ಇಂಚು ಮತ್ತು ಅದಕ್ಕಿಂತ ದೊಡ್ಡ ಪರದೆಯ ಟಿವಿಗಳೆಲ್ಲ 1993ರ ಜುಲೈನಿಂದ ಮಾತನ್ನು ಅಕ್ಷರವಾಗಿ ತೋರಿಸುವ ಚಿಪ್ಪನ್ನು ಒಳಗೇ ಹೊಂದಿರಬೇಕೆಂದು ಕಾನೂನು ಮಾಡಿತು. ಅದಕ್ಕೆ ಮೊದಲು ಕಿವುಡರು ಬೇರೊಂದು ಪೆಟ್ಟಿಗೆಯನ್ನು ಕೊಂಡು ಜೋಡಿಸಿಕೊಳ್ಳಬೇಕಿತ್ತು. ಟಿವಿ ಉದ್ಯಮ ಮುಳುಗಲಿಲ್ಲ. ಇಂದು ವಿಮಾನ ನಿಲ್ದಾಣದಲ್ಲಿ, ಜಿಮ್‌ನಲ್ಲಿ, ಮಲಗಿದ ಮಗುವಿನ ಪಕ್ಕದಲ್ಲಿ ಆ ಅಕ್ಷರಗಳನ್ನು ಓದುವವರೆಲ್ಲ ಕಿವುಡರಲ್ಲ. ಯೂರೋಪಿನ 2019ರ ಸೌಲಭ್ಯ ನಿರ್ದೇಶನ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಅದರಲ್ಲಿ ಫೋನು, ಕಂಪ್ಯೂಟರ್, ಎಟಿಎಂ ಇವೆ, ವಾಷಿಂಗ್ ಮಷೀನ್ ಇಲ್ಲ. ಅಡುಗೆಮನೆಯೂ ಒಗೆಯುವ ಕೋಣೆಯೂ ಅಲ್ಲಿನ ಶಾಸಕರಿಗೂ ಮರೆತುಹೋಗಿವೆ.

ಈ ಮರೆವು ಆಕಸ್ಮಿಕವೇ? ಬ್ಯಾಂಕಿಗೆ ಹೋಗುವವರು, ಟಿಕೆಟ್ ಕೊಳ್ಳುವವರು ನಾಗರಿಕರು. ಬಟ್ಟೆ ಒಗೆಯುವವರು ಮಾತ್ರ ಯಾವಾಗಲೂ ‘ಬೇರೆ ಯಾರೋ’. ಲ್ಯಾಬ್‌ಕಾರ್ಪ್ ಸಂಸ್ಥೆಯ ರಕ್ತಪರೀಕ್ಷಾ ಕೇಂದ್ರಗಳಲ್ಲಿ ಟಚ್ ಪರದೆಯ ಮೇಲೆ ಹೆಸರು ನೋಂದಾಯಿಸುವ ವ್ಯವಸ್ಥೆ ಅಂಧರಿಗೆ ಎಟುಕುವುದಿಲ್ಲವೆಂದು 2020ರಲ್ಲಿ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದಾಗ, ಕಂಪನಿ ಮುಂದಿಟ್ಟ ವಾದ ಪರಿಚಿತವಾದದ್ದೇ: ಮುಂಭಾಗದ ಮೇಜಿನಲ್ಲಿ ಸಿಬ್ಬಂದಿ ಇರುತ್ತಾರೆ, ಅವರು ಮಾಡಿಕೊಡುತ್ತಾರೆ. ಯಾರಾದರೂ ಮಾಡಿಕೊಡುತ್ತಾರೆ ಎಂಬ ಈ ಮಾತು ಅಮೆರಿಕನ್ ಕಂಪನಿಯ ವಕೀಲರ ಬಾಯಲ್ಲಿ ಕ್ರೂರವಾಗಿ ಕೇಳಿಸುತ್ತದೆ. ಕನ್ನಡದ ಮನೆಗಳಲ್ಲಿ ಅದೇ ಮಾತು ಮಮತೆಯ ಧ್ವನಿಯಲ್ಲಿ ಬರುತ್ತದೆ: ‘ಅತ್ತೆ, ನೀವ್ಯಾಕೆ ಕಷ್ಟಪಡ್ತೀರಿ, ಅಲ್ಲೇ ಬಿಡಿ, ಸಾಯಂಕಾಲ ನಾನು ಹಾಕ್ತೀನಿ.’ ಅರವತ್ತು ವರ್ಷ ತನ್ನ ಸೀರೆಯನ್ನು ತಾನೇ ಒಗೆದು, ಹಿಂಡಿ, ಹರವಿದ ಹೆಂಗಸು, ಇಪ್ಪತ್ತು ಸೆಂಟಿಮೀಟರ್ ಗಾಜಿನ ಎದುರು ಸೋತು, ತನ್ನ ಒಳಬಟ್ಟೆಯನ್ನೂ ಸೊಸೆಯ ಕೈಗೆ ಕೊಟ್ಟು ಸಾಯಂಕಾಲದವರೆಗೆ ಕಾಯಬೇಕು. ಆ ಕಾಯುವಿಕೆಗೆ ಕರುಣೆ ಎಂಬ ಹೆಸರು. ಸಂಜೆ ಕೆಲಸದಿಂದ ದಣಿದು ಬರುವ ಆ ಸೊಸೆಗೂ ಇದರಿಂದ ಬಿಡುಗಡೆಯಿಲ್ಲ. ಮಗನ ಹೆಸರು ಈ ಸಂಭಾಷಣೆಯಲ್ಲಿ ಬರುವುದೇ ಇಲ್ಲ ಎಂಬುದು ಬೇರೆ ಮಾತು.

ಈ ಅಭ್ಯಾಸದ ಬೇರು ಆಳವಾದದ್ದು. ಬೇರೊಬ್ಬರ ಬಟ್ಟೆಯನ್ನು ಒಗೆಯಲು ಒಂದು ಜಾತಿಯನ್ನೇ ನೇಮಿಸಿಕೊಂಡ ಸಮಾಜ ಅದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಡಿವಾಳ ಮಾಚಿದೇವ ಆ ಕಾಯಕಕ್ಕೆ ತಲೆಯೆತ್ತುವ ಘನತೆ ತಂದುಕೊಟ್ಟ. ಆದರೆ ‘ಒಗೆಯುವವರು ಯಾರಾದರೂ ಇರುತ್ತಾರೆ’ ಎಂಬ ನಂಬಿಕೆ ಅಳಿಯಲಿಲ್ಲ. ಬೆಂಗಳೂರಿನ ಮಧ್ಯಮವರ್ಗದ ಮನೆಯಲ್ಲಿ ಇಂದಿಗೂ ಯಂತ್ರದ ಫಲಕ ಯಜಮಾನಿಗೆ ಅರ್ಥವಾಗದಿದ್ದರೆ ಕೆಲಸದಾಕೆ ಇದ್ದಾಳೆ. ಅಗ್ಗದ ಶ್ರಮ ಕೆಟ್ಟ ವಿನ್ಯಾಸವನ್ನು ಮುಚ್ಚಿಹಾಕುತ್ತದೆ. ಲಾಸ್ ಏಂಜಲೀಸ್‌ನ ಅಪಾರ್ಟ್‌ಮೆಂಟಿನಲ್ಲಿ ಕೆಲಸದಾಕೆ ಇಲ್ಲ. ನೆಲಮಾಳಿಗೆಯ ಸಾಮೂಹಿಕ ಒಗೆಯುವ ಕೋಣೆಯಲ್ಲಿ ನಾಣ್ಯ ಹಾಕುವ ಯಂತ್ರಗಳು ಒಂದೊಂದಾಗಿ ಮಾಯವಾಗಿ, ಕಾರ್ಡು, ಆ್ಯಪ್, ಪರದೆ ಬರುತ್ತಿವೆ. ಮುಚ್ಚಿದ್ದದ್ದು ಅಲ್ಲಿ ಬಯಲಾಗುತ್ತದೆ.

ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಗ್ರಾಹಕ ವಸ್ತುಗಳಿಗಾಗಿಯೇ ಒಂದು ಕಲಮು ಇದೆ, 43ನೆಯದು. ಅಮೆರಿಕದ ಕಾನೂನಿಗಿಂತ ಅದು ಒಂದು ಹೆಜ್ಜೆ ಮುಂದೆ. ಆದರೆ ಸರ್ವರಿಗೂ ಬಳಸಲಾಗುವ ವಸ್ತುಗಳ ತಯಾರಿಕೆಯನ್ನು ಸರ್ಕಾರ ‘ಉತ್ತೇಜಿಸಲು’ ಕ್ರಮ ಕೈಗೊಳ್ಳಬೇಕೆಂದಷ್ಟೇ ಅದು ಹೇಳುತ್ತದೆ. ಉತ್ತೇಜನಕ್ಕೆ ಓಗೊಡದವರಿಗೆ ಏನೂ ಆಗುವುದಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಡ್ಡಾಯವಲ್ಲದ ಮಾರ್ಗಸೂಚಿಗಳಿಂದ ಕಾಯ್ದೆಯ ಉದ್ದೇಶ ಈಡೇರದೆಂದು ಹೇಳಿ, ಅದರ ನಿಯಮಾವಳಿಯ 15ನೆಯ ನಿಯಮವನ್ನು ಅಸಿಂಧುಗೊಳಿಸಿತು. ಬೆಂಗಳೂರಿನ ವಕೀಲರೂ ಹೋರಾಟಗಾರರೂ ಆ ತರ್ಕವನ್ನು 43ನೆಯ ಕಲಮಿಗೂ ಚಾಚಬಹುದು.

ಅನಿವಾಸಿ ಕನ್ನಡಿಗರ ಅಂಧರ ಕುರಿತ ಗೌರವಕ್ಕೆ ಒಂದು ನಿಶ್ಚಿತ ರೂಪವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳಿದರೆ ಕೈ ತಾನಾಗಿ ಮುಗಿಯುತ್ತದೆ. ಪಂಚಾಕ್ಷರಿ ಗವಾಯಿಗಳು, 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು ಕಟ್ಟಿದ ಸಂಗೀತದ ಪರಂಪರೆ ಅದಕ್ಕೆ ಅರ್ಹವೂ ಹೌದು. ಆದರೆ ಹಾಡುವ ಅಂಧರು ಬೇಕು, ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿ ಬದುಕಿ, ಶನಿವಾರ ಬೆಳಗ್ಗೆ ತಮ್ಮ ಕಾಲುಚೀಲವನ್ನು ತಾವೇ ಒಗೆದುಕೊಳ್ಳಲು ಬಯಸುವ ಅಂಧರು ಕಲ್ಪನೆಗೇ ಬರುವುದಿಲ್ಲ. ಬರ್ಕ್‌ಲಿಯಲ್ಲಿ ಪಾಠ ಹೇಳಿದ ಅಂಧ ನ್ಯಾಯಶಾಸ್ತ್ರಜ್ಞ ಜಾಕೋಬಸ್ ಟೆನ್‌ಬ್ರೋಕ್, 1940ರಲ್ಲಿ ಅಂಧರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದವರು, 1966ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಕೇಳಿದ್ದು ಲೋಕದಲ್ಲಿ ಬದುಕುವ ಹಕ್ಕನ್ನು. ಆ ಹಕ್ಕಿಗೆ ದಾನದ ರಸೀದಿ ಬದಲಿಯಾಗಲಾರದು.

ಸ್ಯಾನ್ ಡಿಯೇಗೊದ ಚಿಪ್ ಕಂಪನಿಗಳಲ್ಲಿ, ಇರ್ವೈನ್‌ನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕನ್ನಡಿಗರ ಸಂಖ್ಯೆ ಕಡಿಮೆಯದೇನಲ್ಲ. ಮನೆಯ ಯಂತ್ರಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಚಿಪ್ಪುಗಳೂ, ಆ ಆ್ಯಪ್‌ಗಳ ಒಳಗಿನ ಸಾಲುಗಳೂ ಇಂಥ ಕಚೇರಿಗಳಲ್ಲೇ ಹುಟ್ಟುತ್ತವೆ. ಹೆಸರಿಲ್ಲದ ಬಟನ್‌ಗೆ ಒಂದು ಹೆಸರು ಬರೆಯಲು ಬೇಕಾಗುವುದು ಕೆಲವೇ ನಿಮಿಷ. ಅದನ್ನು ಮುಂದಿನ ಆವೃತ್ತಿಗೆ ತಳ್ಳುವ ಸಭೆಯಲ್ಲಿ ಕುಳಿತು ತಲೆಯಾಡಿಸಿ, ಸಂಜೆ ಕನ್ನಡ ಕೂಟದ ವೇದಿಕೆಯಲ್ಲಿ ಸಮಾನತೆಯ ಭಾಷಣ ಮಾಡುವುದು ಅಂಥ ಕಷ್ಟದ ಕೆಲಸವೇನೂ ಅಲ್ಲವೆಂದು ತೋರುತ್ತದೆ.

ನಾಳೆಯೇ ಯಂತ್ರ ಕೊಳ್ಳಬೇಕಾದವರು ಕಾನೂನಿಗಾಗಿ ಕಾಯಲಾರರು. ಅಂಥವರು ವಿದ್ಯುತ್ ಹರಿಯುವ ಯಂತ್ರವನ್ನೇ ತೋರಿಸಬೇಕೆಂದು ಅಂಗಡಿಯಲ್ಲಿ ಪಟ್ಟುಹಿಡಿಯಲಿ. ಕಣ್ಣು ಮುಚ್ಚಿ ನಾಬ್ ತಿರುಗಿಸಿ ಅದು ಒಂದು ಕಡೆ ನಿಲ್ಲುತ್ತದೆಯೇ, ಯಂತ್ರ ಆರಿಸಿ ಹೊತ್ತಿಸಿದಾಗ ಪ್ರತಿ ಸಲವೂ ಒಂದೇ ಜಾಗದಿಂದ ಆರಂಭವಾಗುತ್ತದೆಯೇ, ಬಟನ್‌ಗಳು ಒತ್ತಿದಾಗಲಷ್ಟೇ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಲಿ. ಹಿಂದಿರುಗಿಸುವ ಅವಧಿಯನ್ನು ಬರೆಸಿಕೊಳ್ಳಲಿ. ಹಿಂದಿರುಗಿಸುವಾಗ ಕಾರಣದ ಜಾಗದಲ್ಲಿ ‘ಅಂಧರಿಗೆ ಬಳಸಲಾಗುವುದಿಲ್ಲ’ ಎಂದೇ ಬರೆಯಲಿ. ಲಾಸ್ ಏಂಜಲೀಸ್‌ನ ವರ್ಮಾಂಟ್ ಅವೆನ್ಯೂದಲ್ಲಿ 1919ರಲ್ಲಿ ಆರಂಭವಾದ ಬ್ರೈಲ್ ಇನ್‌ಸ್ಟಿಟ್ಯೂಟ್‌ನ ಕೇಂದ್ರವಿದೆ, ಸ್ಯಾನ್ ಡಿಯೇಗೊದಲ್ಲೂ ಅದರ ಶಾಖೆಯಿದೆ. ತಡವಾಗಿ ದೃಷ್ಟಿ ಕಳೆದುಕೊಂಡ ತಂದೆತಾಯಿಗಳನ್ನು ಮನೆಯ ಮೂಲೆಯಲ್ಲಿ ಕೂರಿಸುವ ಮೊದಲು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ.

ಉಳಿದದ್ದು ಸ್ಯಾಕ್ರಮೆಂಟೊದ ಕೆಲಸ. 707ನೆಯ ವಿಭಾಗದಲ್ಲಿ ಎಟಿಎಂಗೆಂದು ಈಗಾಗಲೇ ಬರೆದಿಟ್ಟಿರುವುದನ್ನು ಈ ರಾಜ್ಯದಲ್ಲಿ ಮಾರುವ ಪ್ರತಿ ಹೊಸ ವಾಷಿಂಗ್ ಮಷೀನ್‌ಗೂ ಅನ್ವಯಿಸುವ, ಹಳದಿ ಚೀಟಿಯ ಪಕ್ಕದಲ್ಲಿ ಮತ್ತೊಂದು ಚೀಟಿಯನ್ನೂ ಬೆರಳಿಗೆ ಸಿಗುವ ಗುರುತನ್ನೂ ಕಡ್ಡಾಯಗೊಳಿಸುವ ವಿಧೇಯಕಕ್ಕೆ ಒಬ್ಬ ಶಾಸಕರ ಸಹಿ ಸಾಕು. ಚುನಾವಣೆಯ ನಿಧಿಸಂಗ್ರಹಕ್ಕೆಂದು ಕನ್ನಡಿಗರ ಮನೆಯಂಗಳಕ್ಕೆ ಬರುವ ಶಾಸಕರನ್ನು, ಫೋಟೋ ತೆಗೆಸಿಕೊಳ್ಳುವ ಮೊದಲು, ಒಗೆಯುವ ಕೋಣೆಗೆ ಕರೆದೊಯ್ದು ದೀಪ ಆರಿಸಿ ಯಂತ್ರ ಚಾಲೂ ಮಾಡಲು ಹೇಳಬಹುದು.